ನಮ್ಮ ಚಪ್ಪಡಿ, ಅವರ ಫೋಟೋ

"ಫುಟ್‌ಪಾತ್ ಕೆಲಸ ನೀಟಾಗಿ ಬಂದಿದೆ" ಎನ್ನುತ್ತಾ ಒಬ್ಬರು ಗೋವಿಂದರಾಜನಗರದ ನಮ್ಮ ಮನೆಯ ಗೇಟಿನ ಮುಂದೆ ಮೊಬೈಲ್‌ನಲ್ಲಿ ಫೋಟೋ ತೆಗೆಯುತ್ತಿದ್ದರು. ಯಾರೆಂದು ಕೇಳಿದೆ. ಬೀದಿಯ ಕಾಮಗಾರಿ ಪರಿಶೀಲಿಸಲು ಬಂದ ಎಂಜಿನಿಯರ್ ಅಂತೆ.

ನಮ್ಮ ಬೀದಿಯಲ್ಲಿ ಕಾಮಗಾರಿಯೇ ನಡೆದಿರಲಿಲ್ಲ. ಕಳೆದ ವರ್ಷ ಅತ್ತೆ ಮೋರಿಯ ಅಂಚಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡ ಮೇಲೆ, ನಮ್ಮ ಯಜಮಾನರೇ ಎರಡು ಭಾನುವಾರ ಬಿಸಿಲಲ್ಲಿ ಕೂತು ಗೇಟಿನ ಮುಂದಷ್ಟೇ ಕಲ್ಲುಚಪ್ಪಡಿ ಹಾಸಿದ್ದರು.

"ಸಾರ್, ಇದು ನಮ್ಮನೆಯವರು ಹಾಕಿದ್ದು. ನಿಮ್ಮ ಕಂಟ್ರಾಕ್ಟರ್ ಈ ಕಡೆ ತಲೇನೂ ಹಾಕಿಲ್ಲ" ಎಂದೆ.

ಅವರು ಚಪ್ಪಡಿಯನ್ನು ಬೂಟಿನಿಂದ ಒತ್ತಿ ನೋಡಿದರು. "ಹೌದಾ ಆಂಟಿ? ಗಟ್ಟಿಯಾಗಿದೆ. ಸ್ವಲ್ಪ ಪಕ್ಕಕ್ಕೆ ಬನ್ನಿ, ಫೋಟೋದಲ್ಲಿ ನೀವೂ ಬರ್ತಾ ಇದೀರ."

ನಾನೂ ತೆಪ್ಪಗೆ ಪಕ್ಕಕ್ಕೆ ಸರಿದೆ!

ಮುಂದಿನ ವಾರ ಬೀದಿಯ ತುದಿಯಲ್ಲಿ 'ಕಾಮಗಾರಿ ಪೂರ್ಣಗೊಂಡಿದೆ' ಎಂಬ ಫಲಕ ಬಂತು. ತಮ್ಮ ಕೆಲಸ ಸರ್ಕಾರಿ ಪರೀಕ್ಷೆಯಲ್ಲಿ ಪಾಸಾಯಿತೆಂದು ಯಜಮಾನರು ನಕ್ಕರು. ನನಗೆ ನಗು ಬರಲಿಲ್ಲ. ಪಕ್ಕದ ಮನೆಯ ಮುಂದೆ ಮೋರಿ ಇನ್ನೂ ಬಾಯಿ ತೆರೆದೇ ಇದೆ. ಕಡತದ ಪ್ರಕಾರ ಮಾತ್ರ ಇನ್ನು ಅಲ್ಲಿ ಯಾರೂ ಬೀಳುವಂತಿಲ್ಲ.