ದೊರೆ ಗೋರಿಗೆ ಇಟ್ಟ ಬನ್ನು

ಹೋದ ವಾರ ನಾನು ಒಂದು ಬನ್ನಿನ ಮುಂದೆ ಕೈಮುಗಿದು ನಿಂತಿದ್ದೆ.

ಹೌದು, ಬೇಕರಿ ಬನ್ನು. ಬಾಳೆ ಎಲೆಯ ಮಧ್ಯದಲ್ಲಿ ಅದು. ಪಕ್ಕದಲ್ಲಿ ಎರಡು ಬೇಯಿಸಿದ ಮೊಟ್ಟೆ, ಒಂದು ಬಾಳೆಹಣ್ಣು, ಸ್ಟೀಲ್ ಲೋಟದಲ್ಲಿ ಎರಡು ಗುಟುಕು ಬ್ರಾಂದಿ, ಊದುಬತ್ತಿ. ಎಲೆಯ ಹಿಂದೆ ಮೊಣಕಾಲೆತ್ತರದ ಹಳೇ ಕಲ್ಲುಕಟ್ಟೆ. ಸುತ್ತ ಹೊಗೆಸೊಪ್ಪಿನ ಹೊಲ. ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ. ಹುಣಸೂರಿನ ಕಾಲೇಜಿನಲ್ಲಿ ಜೀವಮಾನವಿಡೀ ಇತಿಹಾಸ ಪಾಠ ಮಾಡಿ ರಿಟೈರ್ ಆದ ನಾನು, ಬಗ್ಗಿ, ಕಣ್ಣುಮುಚ್ಚಿ, ಬನ್ನಿಗೆ ನಮಸ್ಕಾರ.

ನಗಬೇಕು ಅನ್ನಿಸಿದರೆ ನಗಿ. ಆದರೆ ಸ್ವಲ್ಪ ತಡೆದು ನಗಿ. ನಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಮುಂದೆ ಬರುತ್ತದೆ.

ಕಥೆ ಶುರುವಾಗಿದ್ದು ಆಗಸ್ಟ್ ಹದಿನೈದಕ್ಕೆ. ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರು ಹತ್ತಿರದ ಒಂದು ಊರಿನ ಶಾಲೆಗೆ ನನ್ನನ್ನು ಮುಖ್ಯ ಅತಿಥಿ ಅಂತ ಕರೆದಿದ್ದರು. (ಊರಿನ ಹೆಸರು ಬೇಡ. ನನ್ನಿಂದ ಅವರು ಅನುಭವಿಸಿದ್ದು ಸಾಕು.) ಹೆಡ್ ಮಾಸ್ಟರು ಕಾರಿನಲ್ಲಿ ಕರೆದುಕೊಂಡು ಹೋಗುವಾಗ ಕಿಟಕಿಯಿಂದಾಚೆ ಕೈ ತೋರಿಸಿ, "ಸಾರ್, ಅಲ್ಲೊಂದು ದೊರೆ ಗೋರಿ ಇದೆ. ಹಿಂದೆ ಇಂಗ್ಲಿಷರ ದಂಡು ಮೈಸೂರಿನ ಮೇಲೆ ಬಂತಲ್ಲ, ಆಗ ಸತ್ತ ಸಿಪಾಯಿದಂತೆ. ಒಂದು ಮನೆಯವರು ಪ್ರತಿವರ್ಷ ಅದಕ್ಕೆ ಎಡೆ ಇಡ್ತಾರೆ" ಅಂದರು. "ಇಳಿದು ನೋಡ್ತೀರಾ?"

ನೋಡಲಿಲ್ಲ. ಶಾಲೆಯಲ್ಲಿ ಇಡ್ಲಿ ಆರಿಹೋಗುತ್ತಿತ್ತು.

ಆದರೆ ವಿಷಯ ಸಿಕ್ಕಿತಲ್ಲ! ಭಾಷಣಕಾರನಿಗೆ ವಿಷಯ ಸಾಕು, ವಿಚಾರ ಯಾಕೆ ಬೇಕು? ಬಾವುಟ ಹಾರಿತು, ಮಕ್ಕಳು ಚಾಕಲೇಟಿಗೆ ಕಾದು ಕೂತರು, ನಾನು ಮೈಕ್ ಹಿಡಿದೆ. "ಈ ಮಣ್ಣಿನ ರೈತ ಕುಡುಗೋಲು ಹಿಡಿದು ಬಂದೂಕಿಗೆ ಎದೆಯೊಡ್ಡಿದ" ಅಂದೆ. ಚಪ್ಪಾಳೆ. "ಹೆಸರಿಲ್ಲದ ಆ ವೀರನನ್ನು ನೀವು ಮರೆತಿರಿ" ಅಂದೆ. ಇನ್ನೂ ಚಪ್ಪಾಳೆ. "ಆದರೆ ಅವನ ಮೇಲೆ ದಂಡೆತ್ತಿ ಬಂದವನ ಗೋರಿಗೆ ಎಡೆ ಇಡುತ್ತೀರಿ! ಎಡೆ ಇಡುವವರೇ, ನೀವಿನ್ನೂ ಗುಲಾಮರೇ?" ಅಂದೆ. ಹುಡುಗರು ಸಿಳ್ಳೆ ಹೊಡೆದರು.

ಶಾಲು, ಹಾರ, ಒಂದು ತಟ್ಟೆ ಹಣ್ಣು. ಹುಣಸೂರಿಗೆ ವಾಪಸ್ ಬರುವಾಗ ನನ್ನ ಎದೆ ಎರಡು ಇಂಚು ಜಾಸ್ತಿಯಾಗಿತ್ತು. ಭಾಷಣದ ವಿಡಿಯೋ ವಾಟ್ಸಾಪಿನಲ್ಲಿ ಬಂತು. ನಾನೇ ನಾಲ್ಕು ಸಲ ನೋಡಿದೆ. ಪ್ರತಿಸಲವೂ ಸಿಳ್ಳೆ ಬರುವ ಜಾಗದಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದೆ.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ಫೋನ್ ಬಂತು.

"ಸಾರ್, ನಾನು ಮಾದೇಶ. ದೊರೆ ಗೋರಿ ಇರೋ ಹೊಲ ನಮ್ದೇ. ಅಮಾಸೆ ಮಾರನೇ ದಿನಕ್ಕೆ ಜೆಸಿಬಿ ಗೊತ್ತು ಮಾಡಿವ್ನಿ. ಕಿತ್ತಾಕಿಬುಡ್ತೀನಿ. ನೀವೇ ಬಂದು ಮೊದಲ್ನೇ ಕಲ್ಲು ಕೀಳ್ಬೇಕು."

ಒಂದು ಕ್ಷಣ ನನಗೆ ರೋಮಾಂಚನ. ನನ್ನ ಮಾತಿಗೆ ಜೆಸಿಬಿ ಬರುತ್ತಿದೆ! ಅಷ್ಟರಲ್ಲಿ ಆತನ ದನಿ ತಗ್ಗಿತು. "ಟೀ ಅಂಗ್ಡಿಗೆ ಓಗಂಗಿಲ್ಲ ಸಾರ್. 'ಗುಲಾಮ ಬಂದ, ಜಾಗ ಬುಡ್ರಲಾ' ಅಂತಾರೆ. ಗೋರಿ ಕೀಳ್ತೀನಿ ಅಂದಾಗಿಂದ ನಮ್ಮವ್ವ ನನ್ ಜೊತೆ ಮಾತೇ ಬುಟ್ಟವ್ಳೆ. ಅತ್ಲಾಗೆ ಕಿತ್ತಾಕಿದ್ರೆ ಒಂದು ಕಡೆಯಾದ್ರೂ ತಣ್ಣಗಾಯ್ತದೆ."

ಫೋನಿಟ್ಟು ಹೆಂಡತಿಗೆ ಹೇಳಿದೆ. ಅವಳು ಕೆ.ಆರ್. ನಗರದವಳು, ಮಾತು ಸುತ್ತಿ ಬಳಸಿ ಆಡುವ ಅಭ್ಯಾಸವಿಲ್ಲ.

"ಮದುವೆಯಾದಾಗಿಂದ ನೀವು ಗೋಡೆಯಿಂದ ಒಂದು ಮೊಳೆ ಕಿತ್ತಿದ್ದು ನಾನು ನೋಡಿಲ್ಲ. ಗೋರಿ ಕೀಳ್ತೀರಾ? ಮೊದಲು ಹೋಗಿ ಅದನ್ನ ಒಂದ್ಸಲ ನೋಡ್ಕೊಂಡಾದ್ರೂ ಬನ್ನಿ."

ಹಾಗಾಗಿ ಅಮಾವಾಸ್ಯೆ ದಿನ ಬಸ್ ಹತ್ತಿ ಪಿರಿಯಾಪಟ್ಟಣ, ಅಲ್ಲಿಂದ ಆಟೋ. ಹೊಲದಲ್ಲಿ ಒಬ್ಬ ಮುದುಕಿ ಗೋರಿಯ ಸುತ್ತ ಕಸ ಗುಡಿಸುತ್ತಿದ್ದರು. ಮಾದೇಶನ ತಾಯಿ, ಜವರಮ್ಮ. ನನ್ನನ್ನು ಕಂಡು ಪರಕೆ ಕೆಳಗಿಟ್ಟರು. ಬೈಗುಳಕ್ಕೆ ನಾನು ಸಿದ್ಧನಾದೆ.

"ಮೈಕಿನ ಮೇಷ್ಟ್ರಲ್ವಾ ನೀವು? ಬನ್ನಿ. ಈ ಎಲೆ ವಸಿ ಇಡ್ಕಳಿ, ಗಾಳಿ ಜಾಸ್ತಿ."

ಹಿಡಿದುಕೊಂಡೆ. ಗುಲಾಮಗಿರಿಯನ್ನು ಖಂಡಿಸಿದ ಅದೇ ಕೈಯಲ್ಲಿ ಎಡೆಯ ಎಲೆ. ಅವರು ಸೆರಗಿನಿಂದ ಬನ್ನು ತೆಗೆದು ಎಲೆಯ ಮೇಲಿಟ್ಟರು. ಹತ್ತಿರದ ಕೊಪ್ಪದ ಬೇಕರಿಯಿಂದ ತರಿಸಿದ್ದಂತೆ. ನನಗೆ ತಡೆಯಲಾಗಲಿಲ್ಲ. "ಎಡೆಗೆ ಬನ್ನು ಯಾಕಮ್ಮ?" ಅಂದೆ.

"ನಮ್ಮತ್ತೆ ಕಾಲ್ದಲ್ಲಿ ಮುದ್ದೆನೇ ಮಡಗೋರು. ನಂಗೆ ಅಯ್ಯೋ ಅನ್ನುಸ್ತು ಕಣಪ್ಪ. ಆ ಕಡೆಯೋರ್ಗೆ ಮುದ್ದೆ ನುಂಗಕ್ಕೆ ಬತ್ತದಾ? ಗಂಟ್ಲಲ್ಲಿ ಸಿಕ್ಕಾಕಂಡ್ರೆ?"

ಸತ್ತು ಇನ್ನೂರು ಚಿಲ್ಲರೆ ವರ್ಷವಾದವನ ಗಂಟಲಿನ ಚಿಂತೆ! ನಾನು ನಗುತ್ತಾ, ಸ್ವಲ್ಪ ಮೇಷ್ಟ್ರ ದನಿಯಲ್ಲೇ ಕೇಳಿದೆ. "ಇರಲಿ, ಆದರೆ ಇವನು ನಮ್ಮ ಶತ್ರು ಅಲ್ವಾ ಅಮ್ಮ?"

"ಊ ಕಣಪ್ಪ, ಶತ್ರುನೇ. ಇಲ್ದಿದ್ರೆ ನಮ್ಮನೆಯೋರು ಯಾಕ್ ಒಡೀತಿದ್ರು?"

"ಯಾರು?"

"ನಮ್ಮನೆಯೋರೇ. ನಮ್ಮಾವನ ತಾತನ ತಾತನೋ, ಅವ್ರಪ್ಪನೋ, ನಂಗೊತ್ತಿಲ್ಲ. ದಂಡು ಬಂದು ಊರ ರಾಗಿಯೆಲ್ಲ ಬಾಚ್ಕಂಡು ಓಗೋವಾಗ ಇವ್ನೊಬ್ನು ಇಂದೆ ಉಳ್ಕಂಡ್ನಂತೆ. ಕುಡ್ಲು ಬೀಸುದ್ರಂತೆ. ಬಿದ್ದ. ಬಿದ್ದೋನು ನೀರು ಅಂತ ಸನ್ನೆ ಮಾಡುದ್ನಂತೆ. ನೀರು ತರೋದ್ರೊಳ್ಗೆ ಜೀವ ಓಯ್ತು." ಜವರಮ್ಮ ಲೋಟವನ್ನು ಎಲೆಯ ಬಲಕ್ಕೆ ಸರಿಸಿದರು. "ಇವ್ನಿಗೆ ಇಲ್ಲಿ ಅಪ್ಪ ಇಲ್ಲ, ಮಗ ಇಲ್ಲ. ಎಡೆ ಮಡಗೋರು ಯಾರು? ಒಡ್ದೋರ್ ಮನೆಯೋರೇ ಮಡಗ್ಬೇಕು ಅಂದ್ಬುಟ್ಟು, ಅವ್ರೇ ಮಣ್ಣು ಮಾಡಿ, ಅವತ್ತಿಂದ ಮಡಗ್ತಾ ಬಂದವ್ರೆ. ನಂಗೂ ಮದ್ವೆಯಾಗಿ ಬಂದ ವರ್ಷ ನಮ್ಮತ್ತೆ ಇದ್ನೇ ಏಳಿಕೊಟ್ಟಿದ್ದು. ನಮ್ಮೋರ್ಗೆ ಸಾಯಂಕಾಲ ಮನೇಲಿ. ಇವ್ನು ಹೊರಗಿನೋನು, ಅಸ್ಕಂಡಿರ್ತಾನೆ, ಇವ್ನಿಗೆ ಮೊದ್ಲು."

ಈಗ ನಗಿ.

ಕುಡುಗೋಲು ಹಿಡಿದ ಹೆಸರಿಲ್ಲದ ವೀರ ಅಂದೆನಲ್ಲ? ಅವನು ಇದೇ ಮನೆಯವನು. ಎಡೆ ಇಡುವ ಗುಲಾಮರು ಅಂದೆನಲ್ಲ? ಅವರೂ ಇದೇ ಮನೆಯವರು. ಒಂದೇ ಭಾಷಣ, ಒಂದೇ ಉಸಿರು, ಒಂದೇ ಮನೆ. ಚಪ್ಪಾಳೆಯೂ ಅವರಿಗೆ, ಚಪ್ಪಲಿಯೂ ಅವರಿಗೆ.

ಇದಕ್ಕೆ ದಾಖಲೆ ಇದೆಯೇ? ನನ್ನೊಳಗಿನ ಇತಿಹಾಸದ ಮೇಷ್ಟ್ರು ತಲೆಯೆತ್ತಿದ. ಕಲ್ಲಿನ ಮೇಲೆ ಒಂದಕ್ಷರವಿಲ್ಲ. ಒಳಗೆ ಮಲಗಿದವನು ಯಾರೋ, ಯಾವ ಊರಿನವನೋ, ದೊರೆಯಂತೂ ಅಲ್ಲ, ಸಂಬಳಕ್ಕೆ ಬಂದ ಬಡಪಾಯಿ ಇದ್ದಿರಬೇಕು. ಕಥೆ ತಲೆಯಿಂದ ತಲೆಗೆ ಬರುತ್ತಾ ಅಷ್ಟಿಷ್ಟು ಬದಲಾಗಿರಲೂಬಹುದು. ಆದರೆ ಸ್ವಾಮಿ, ಭಾಷಣ ಮಾಡುವಾಗ ನಾನು ಯಾವ ದಾಖಲೆ ನೋಡಿದ್ದೆ? ಜವರಮ್ಮನ ಹತ್ತಿರ ಒಂದು ಗೋರಿ, ಒಂದು ಪರಕೆ, ಒಂದು ಮಾತು ಇತ್ತು. ನನ್ನ ಹತ್ತಿರ ಬರೀ ಮೈಕ್ ಇತ್ತು. ಆ ಮೈಕಿನಿಂದ ಈ ಮನೆಯ ತಾಯಿ ಮಗನ ನಡುವೆ ಮಾತು ನಿಂತುಹೋಗಿತ್ತು. ನಾಚಿಕೆಯಾಯಿತು. ನಿಜವಾಗಿಯೂ ನಾಚಿಕೆಯಾಯಿತು. ಆಗಲೇ ನಾನು ಕೈಮುಗಿದಿದ್ದು. ಬನ್ನಿಗೋ, ಗೋರಿಗೋ, ಜವರಮ್ಮನಿಗೋ, ಈಗಲೂ ಸರಿಯಾಗಿ ಹೇಳಲಾರೆ.

ಕಣ್ಣುಬಿಟ್ಟಾಗ ಮಾದೇಶ ಬೈಕ್ ನಿಲ್ಲಿಸಿ ನೋಡುತ್ತಿದ್ದ. ನಲವತ್ತರ ಆಸುಪಾಸಿನ ಗಟ್ಟಿ ಆಳು. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನ ಒಲೆಗೆ ಸೌದೆ ಹಾಕುತ್ತಿದ್ದವನು ಹಾಗೇ ಬಂದಿದ್ದ.

"ನಾಳೆ ಬನ್ನಿ ಅಂದ್ರೆ ಇವತ್ತೇ ಬಂದ್ರಾ ಸಾರ್? ಅದೂ ಕೈ ಮುಗ್ಕಂಡು?"

ಜವರಮ್ಮ ಮುಖ ತಿರುಗಿಸಿದರು. "ಮೇಷ್ಟ್ರೇ, ಅವ್ನಿಗೆ ಏಳಿ, ನಾಳೆ ಜೆಸಿಬಿ ಬಂದ್ರೆ ನಾನು ಈ ಕಲ್ಲಿನ ಮೇಲೆ ಕುಂತಿರ್ತೀನಿ ಅಂತ."

"ಸಾರ್, ಅವ್ವಂಗೆ ಏಳಿ, ಊರೋರ ಮಾತು ಕೇಳ್ಸಿಕೊಳ್ಳೋನು ನಾನು, ಅವ್ಳಲ್ಲ ಅಂತ."

ಇಬ್ಬರ ನಡುವೆ ಮೂರೇ ಮಾರು ದೂರ. ನಾನು ಮಧ್ಯದಲ್ಲಿ ನಿಂತು, ಕೇಳಿದ್ದನ್ನೇ ಅತ್ತಿಂದಿತ್ತ ಹೇಳಿದೆ. ಭಾಷಣಕಾರನಿಗೆ ಸರಿಯಾದ ಶಿಕ್ಷೆ ಇದು. ಇನ್ನೊಬ್ಬರ ಮಾತನ್ನು ಒಂದಕ್ಷರ ಸೇರಿಸದೆ ಹೇಳುವುದು ಎಷ್ಟು ಕಷ್ಟ ಗೊತ್ತಾ?

ಆಮೇಲೆ ನಾನು ಮಾಡಿದ್ದನ್ನೂ ಬರೆದುಬಿಡುತ್ತೇನೆ. ನೇರವಾಗಿ ತಪ್ಪಾಯಿತು ಅನ್ನಲಿಲ್ಲ. "ನೋಡಿ ಮಾದೇಶ್, ಇಂಥ ಹಳೇ ಕಟ್ಟಡ ತೆಗೆಯಬೇಕಾದರೆ ಇಲಾಖೆಯ ಪರ್ಮಿಷನ್ ಬೇಕಾಗಬಹುದು" ಅಂದೆ. "ಪರಂಪರೆ ದೃಷ್ಟಿಯಿಂದಲೂ ಒಂದು ಸರ್ವೆ ಆಗಬೇಕು" ಅಂದೆ.

"ಸಾರ್, ಕೀಳಿ ಅಂತೀರಾ, ಇರ್ಲಿ ಅಂತೀರಾ?"

"ಇರಲಿ."

"ಅವತ್ತು ಅಂದಿದ್ದು?"

"ತಪ್ಪು" ಅಂದೆ. ಎಷ್ಟು ಮೆಲ್ಲಗೆ ಅಂದರೆ ಗೋರಿಯೊಳಗಿನವನಿಗೆ ಕೇಳಿಸಿರಬಹುದೇ ಹೊರತು ಬೇರೆ ಯಾರಿಗೂ ಅಲ್ಲ. ಆದರೂ ಮಾದೇಶನಿಗೆ ಕೇಳಿಸಿತು.

"ಬೋ ಚೆನ್ನಾಗದೆ ಸಾರ್. ಗುಲಾಮ ಅಂದಿದ್ದು ಮೈಕಲ್ಲಿ. ತಪ್ಪು ಅಂತಿರೋದು ಹೊಲದಲ್ಲಿ, ನನ್ ಕಿವೀಲಿ. ಟೀ ಅಂಗ್ಡಿಗೆ ಇದು ಕೇಳುಸ್ತದಾ?"

ನಾವೆಲ್ಲ ಮಾಡುವುದೂ ಅದೇ ಅಲ್ಲವೇ? ಬೈಯುವುದು ಗ್ರೂಪಿನಲ್ಲಿ, ಸಾರಿ ಕೇಳುವುದು ಪರ್ಸನಲ್ ಮೆಸೇಜಿನಲ್ಲಿ.

ಡೈರಿಗೆ ಹಾಲು ಬರುವ ಹೊತ್ತಿನವರೆಗೂ ಮಾದೇಶ ನನ್ನನ್ನು ಹೊಲದಲ್ಲೇ ಕೂರಿಸಿಕೊಂಡ, ಆಮೇಲೆ ಬೈಕ್ ಹತ್ತಿಸಿ ನೇರ ಹಾಲಿನ ಡೈರಿಗೆ ಕರೆದೊಯ್ದ. ಸಾಯಂಕಾಲದ ಹೊತ್ತು, ಊರಿಗೆ ಊರೇ ಕ್ಯಾನ್ ಹಿಡಿದು ಸಾಲಿನಲ್ಲಿತ್ತು. ಎದುರಿಗೇ ಟೀ ಅಂಗಡಿ. ಡೈರಿಯಲ್ಲಿ ಒಂದು ಮೈಕ್ ಇದೆ. ಹಿಂಡಿ ಬಂದಿದೆ, ದನದ ಡಾಕ್ಟರು ಬಂದಿದ್ದಾರೆ ಅಂತ ಕೂಗುವುದಕ್ಕೆ. ಮಾದೇಶ ಅದನ್ನು ತಂದು ನನ್ನ ಕೈಗಿಟ್ಟ.

ಜೀವಮಾನದಲ್ಲಿ ಮೊದಲ ಸಲ ಮೈಕನ್ನು ಯಾರಿಗಾದರೂ ವಾಪಸ್ ಕೊಟ್ಟುಬಿಡೋಣ ಅನ್ನಿಸಿತು. ಮನಸ್ಸಿನಲ್ಲೇ ಒಂದು ಪೀಠಿಕೆ ಜೋಡಿಸಲು ನೋಡಿದೆ. ಹಾಲು ಅಳೆಯುತ್ತಿದ್ದವರು, "ಬ್ಯಾಗ ಮುಗುಸಿ ಸಾರ್, ಆಲು ಕೆಟ್ಟೋಯ್ತದೆ" ಅಂದರು. ಪೀಠಿಕೆ ಅಲ್ಲೇ ಬಿತ್ತು.

"ಆಗಸ್ಟ್ ಹದಿನೈದಕ್ಕೆ ನಿಮ್ಮ ಶಾಲೆಯಲ್ಲಿ ಮಾತಾಡಿದವನು ನಾನು. ಗೋರಿಯನ್ನು ನೋಡಿರಲಿಲ್ಲ, ಯಾರನ್ನೂ ಕೇಳಿರಲಿಲ್ಲ. ಶತ್ರು ಬಂದಾಗ ಎದುರು ನಿಂತವರು ಜವರಮ್ಮನ ಮನೆಯವರೇ. ಅವನು ಬಿದ್ದ ಮೇಲೆ ಮಣ್ಣು ಕೊಟ್ಟವರೂ ಅವರೇ. ಅವರನ್ನು ಗುಲಾಮರು ಅಂದಿದ್ದು ನನ್ನ ತಪ್ಪು. ಕ್ಷಮಿಸಿ."

ಅಷ್ಟೇ. ನನ್ನ ಅತಿ ಚಿಕ್ಕ ಭಾಷಣ. ಚಪ್ಪಾಳೆ ಇಲ್ಲ, ಸಿಳ್ಳೆ ಇಲ್ಲ. ಸಾಲಿನಿಂದ ಯಾರೋ, "ಸರಿ ಬುಡಿ, ಆಲು ಅಳೀರಿ" ಅಂದರು. ಆದರೆ ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದವನೊಬ್ಬ ಪಕ್ಕಕ್ಕೆ ಸರಿದು, "ಬಾರ್ಲಾ ಮಾದೇಶ, ಕುಂತ್ಕೋ" ಅಂದ. ಮಾದೇಶ ಕೂತ. ಒಂದು ಟೀ ಪೂರ್ತಿ ಕುಡಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು, "ನಾಳೆ ಗಾಡಿ ಬ್ಯಾಡ ಕಣಣ್ಣೋ" ಅಂದ.

ಬಸ್ಸಿಗೆ ಹೊರಟವನನ್ನು ಅವನು ಬಿಡಲಿಲ್ಲ, ಮನೆಗೆ ಕರೆದೊಯ್ದ. ಒಳಗೆ ಹಿರಿಯರಿಗೆ ಎಡೆ ಇಟ್ಟು ಮುಗಿದಿತ್ತು. ಜವರಮ್ಮ ಮಗನ ಮುಖ ನೋಡಿದರು. ಮೈಕಿನ ದನಿ ಅವರಿಗೂ ಮುಟ್ಟಿತ್ತು ಅಂತ ಕಾಣುತ್ತದೆ.

"ಕೈಕಾಲ್ ತೊಳ್ಕಂಡ್ ಬಾರ್ಲಾ, ಉಣ್ಣುವಂತೆ" ಅಂದರು. ನನ್ನ ಮೂಲಕ ಅಲ್ಲ, ನೇರವಾಗಿ. ಎಷ್ಟೋ ದಿನದ ಮೇಲೆ ಅವನಿಗೆ ಸಿಕ್ಕ ಮೊದಲ ಮಾತು ಅದು. ಮಾದೇಶ ಬಚ್ಚಲಿಗೆ ಹೋಗಿ ಬಹಳ ಹೊತ್ತು ಮುಖ ತೊಳೆದ.

ನಾನು ಬಾಗಿಲಲ್ಲೇ ನಿಂತಿದ್ದೆ. ಒಳಗೆ ಹೋಗಲು ಯಾವ ಮುಖ? ಮಾದೇಶ ಹೊರಗೆ ಬಂದು, ನನ್ನನ್ನು ನೋಡಿ, ಅರ್ಧ ನಗುತ್ತಾ ತಾಯಿಗೆ ಹೇಳಿದ. "ಅವ್ವ, ಇವ್ರಿಗೂ ಇಕ್ತೀಯಾ? ನಮ್ಮನ್ನ ಗುಲಾಮ ಅಂದೋರು!"

"ಬುಡ್ಲಾ" ಅಂದರು ಜವರಮ್ಮ, ಎಲೆ ಹಾಸುತ್ತಾ. "ಕತ್ತಿ ಇಡ್ಕಂಡು ಬಂದೋನ್ಗೇ ಇಷ್ಟು ವರ್ಷ ಇಕ್ಕಿವಿ. ಮೈಕ್ ಇಡ್ಕಂಡು ಬಂದೋರ್ಗೆ ಒಂದು ಎಲೆ ಆಕಕ್ಕಾಗಲ್ವಾ?"

ತಲೆ ತಗ್ಗಿಸಿ ಉಂಡೆ. ಆ ಹೊಲದಲ್ಲಿ ಮಲಗಿದವನಿಗಾದರೂ ಹೊಡೆಸಿಕೊಂಡ ಮೇಲೆ ಎಲೆ ಸಿಕ್ಕಿತು, ನನಗೆ ಒಂದೇಟೂ ಬೀಳದೆ ಸಿಕ್ಕಿತು. ಈಗ ನೀವೇ ಹೇಳಿ, ಆ ಮನೆಗೆ ಬಂದ ಶತ್ರುಗಳಲ್ಲಿ ಅದೃಷ್ಟವಂತ ಯಾರು?