ಹಳೇ ಜೀಪಿನ ಅಡಿಯಲ್ಲಿ ಮಲಗುವ ಮರುಳಸಿದ್ದಯ್ಯ

ಬೆಳಗಿನ ಆರು ಗಂಟೆ ಇನ್ನೂ ಆಗಿಲ್ಲ. ಹೊನ್ನವಳ್ಳಿಯಿಂದ ಎರಡು ಮೈಲಿ ಒಳಗೆ, ಶಿವಮೂರ್ತಿಯವರ ತೆಂಗಿನ ತೋಟದ ಶೆಡ್ಡಿನ ಮುಂದೆ ಕಡುಹಸಿರು ಬಣ್ಣದ ಹಳೇ ಜೀಪೊಂದು ನಿಂತಿದೆ. ಹೊಸದಾಗಿ ಪೇಂಟ್ ಹೊಡೆಸಿ, ದಪ್ಪ ಟೈರು ಹಾಕಿಸಿ, ಮುಂದೆ ಎರಡು ಹಳದಿ ದೀಪ ಸಿಕ್ಕಿಸಿದ್ದಾರೆ. ಕೊಳ್ಳಲು ಬಂದಿರುವ ಯೋಗಿತಾ ಆಗಲೇ ಒಂದು ಸುತ್ತು ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಾಗಿದೆ. ಅವರಿಗಾಗಿ ಗಾಡಿ ಪರೀಕ್ಷಿಸಲು ಬಂದಿರುವ ಅರವತ್ತೊಂದರ ಮರುಳಸಿದ್ದಯ್ಯ ಮಾತ್ರ ಬಣ್ಣದ ಕಡೆ ತಿರುಗಿಯೂ ನೋಡುವುದಿಲ್ಲ. ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕಿ, ನೇರ ಹೋಗಿ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾರೆ, ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟುವ ಹಾಗೆ.

"ಶಿವಮೂರ್ತಣ್ಣ, ಸ್ಟಾರ್ಟ್ ಮಾಡಿದ್ರಾ?"

"ಹೂಂ, ನೀವು ಬರೋ ಹೊತ್ಗೆ ರೆಡಿ ಇರ್ಲಿ ಅಂತ ಒಂದತ್ತು ನಿಮಿಷ ಓಡ್ಸಿದ್ದೆ."

"ಹಂಗಾದ್ರೆ ನಾಳೆ ಬತ್ತೀನಿ ಬುಡಿ. ನಾನು ಬರೋಗಂಟ ಕೀಲಿ ಮುಟ್ಬ್ಯಾಡಿ."

ಅಷ್ಟೇ. ಹುಳಿಯಾರಿನಿಂದ ಕತ್ತಲಲ್ಲೇ ಹೊರಟು ಬಂದವರು ಕಾಫಿ ಕುಡಿದು ವಾಪಸಾಗುತ್ತಾರೆ. ಯೋಗಿತಾ ಅವರ ಮುಖ ಸಪ್ಪಗಾಗುತ್ತದೆ. ಅವರ ಕೆಲಸ ನೋಡಲೆಂದು ಜೊತೆಗೆ ಬಂದಿದ್ದ ನನಗೆ ದಾರಿಯಲ್ಲಿ ವಿವರಣೆ ಸಿಗುತ್ತದೆ: "ಬಿಸಿ ಎಂಜಿನ್ನು ಎಲ್ಲಾರ ಜೊತೆಗೂ ನಗ್ತಾ ಮಾತಾಡುತ್ತೆ ಕಣ್ರೀ. ರಾತ್ರಿಯೆಲ್ಲ ತಣ್ಣಗೆ ಮಲಗಿರೋದನ್ನ ಎಬ್ಬಿಸುದ್ರೆ ಅದರ ಕೆಮ್ಮು ಕೇಳ್ಸೋದು."

ಹುಳಿಯಾರು ಬಸ್ ನಿಲ್ದಾಣದ ಹಿಂದೆ ಅವರದೊಂದು ತಗಡಿನ ಶೆಡ್ಡು ಇದೆ. ಬೋರ್ಡಿಲ್ಲ. ಕೊಬ್ಬರಿ ಲಾರಿಗಳ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತ ಮರುಳಸಿದ್ದಯ್ಯ ನಲವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು. ಈಗ ರಿಪೇರಿ ಕಡಿಮೆ. ಮೊದಲ ಸಲ ಹಳೇ ಫೋರ್ ವೀಲ್ ಜೀಪು ಕೊಳ್ಳುವವರ ಜೊತೆ ಹೋಗಿ, ನೋಡಿ, ತಗೋ ಅಥವಾ ಬೇಡ ಎನ್ನುವುದೇ ಕೆಲಸ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಲ್ಲೇ ಕರೆದರೂ ಐನೂರು ರೂಪಾಯಿ, ಮೊಪೆಡ್ಡಿನ ಪೆಟ್ರೋಲೂ ಅದರಲ್ಲೇ. ವಾರಕ್ಕೆ ಮೂರು ಗಾಡಿ, ಹೆಚ್ಚೆಂದರೆ ನಾಲ್ಕು. ಹತ್ತರಲ್ಲಿ ಏಳಕ್ಕೆ ಅವರ ಉತ್ತರ ಬೇಡ ಎಂದೇ. ಮನೆಗೆ ಹೋದರೆ ಹೆಂಡತಿ ಪುಟ್ಟಗಂಗಮ್ಮ ನೀರು ಕೊಡುತ್ತಾ ಕೇಳುವುದೂ ಇದನ್ನೇ: "ಇವತ್ತು ಯಾರ ಮನಸ್ಸು ಮುರ್ದು ಬಂದ್ರಿ?"

ಮಾರನೇ ದಿನ ಅದೇ ಹೊತ್ತಿಗೆ ಅದೇ ತೋಟ. ಬಾನೆಟ್ಟು ಇಬ್ಬನಿಯಲ್ಲಿ ತಣ್ಣಗಿದೆ. ಮೂರನೇ ಸಲಕ್ಕೆ ಎಂಜಿನ್ ಎದ್ದುಕೊಳ್ಳುತ್ತದೆ, ಹಿಂದೆ ನೀಲಿ ಹೊಗೆ. "ಆಯಿಲ್ ಕುಡೀತೈತೆ," ಎನ್ನುತ್ತಾರೆ. ಅದನ್ನು ದೊಡ್ಡ ವಿಷಯ ಮಾಡುವುದಿಲ್ಲ, ಎಂಜಿನ್ ಬಿಚ್ಚಿ ಸರಿ ಮಾಡಬಹುದು. ಮರಗಳ ಸಾಲಿಗೆ ಹಾಕಲು ಕೆರೆಯಿಂದ ತಂದು ಸುರಿದ ಗೋಡುಮಣ್ಣಿನ ಗುಡ್ಡೆಯಿದೆ. ಫೋರ್ ವೀಲಿನ ಲಿವರ್ ಹಾಕಿ ಅದಕ್ಕೆ ಹತ್ತಿಸಿ ಎಂದು ಶಿವಮೂರ್ತಿಗೆ ಹೇಳಿ, ತಾವು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚಕ್ರ ನೋಡುತ್ತಾರೆ. ಹಿಂದಿನೆರಡು ಚಕ್ರ ಮಣ್ಣು ಎರಚುತ್ತವೆ, ಮುಂದಿನವು ಸುಮ್ಮನಿವೆ. "ಮುಂದ್ಲೆರಡೂ ಬೀಗರು ಕಣವ್ವ," ಎನ್ನುತ್ತಾರೆ ಯೋಗಿತಾಗೆ. "ಜೊತೇಲಿ ಬತ್ತಾರೆ, ಕೆಲಸಕ್ಕೆ ಕೈ ಹಾಕಲ್ಲ."

ಆಮೇಲೆ ಗೋಣಿಚೀಲ ಹಾಸಿ ಜೀಪಿನ ಅಡಿಗೆ ನುಗ್ಗುತ್ತಾರೆ. ಹದಿನೈದು ನಿಮಿಷ ಹೊರಗೆ ಕಾಣುವುದು ಅವರ ಎರಡು ಪಾದ ಮಾತ್ರ. ಗಾಡಿಯ ಭಾರವನ್ನೆಲ್ಲ ಹೊರುವ ಛಾಸಿಯ ಉದ್ದಕ್ಕೂ ಪುಟ್ಟ ಸುತ್ತಿಗೆಯ ಟಕ್ ಟಕ್ ಕೇಳುತ್ತದೆ. ಸ್ಟೀರಿಂಗ್ ಕೂರುವ ಜಾಗದ ಹತ್ತಿರ ಸದ್ದು ಬದಲಾಗುತ್ತದೆ. ಚಾಕುವಿನಿಂದ ಕಪ್ಪು ಪೇಂಟು ಕೆರೆದಾಗ ಬಿರುಕಿನ ಮೇಲೆ ಹಾಕಿದ ಒರಟು ವೆಲ್ಡಿಂಗು ಕಾಣುತ್ತದೆ, ಅದರ ಪಕ್ಕದಲ್ಲೇ ಕೂದಲೆಳೆಯಂಥ ಇನ್ನೊಂದು ಬಿರುಕು.

ಹೊರಗೆ ಬಂದು ಮಣ್ಣು ಕೊಡವಿಕೊಂಡು, "ಬ್ಯಾಡ," ಎನ್ನುತ್ತಾರೆ.

ಶಿವಮೂರ್ತಿ ತಾವೂ ಬಗ್ಗಿ ನೋಡುತ್ತಾರೆ. "ನಾನೂ ಹಿಂದಿನೋರು ಹೊಡ್ಸಿದ್ದ ಬಣ್ಣ ನೋಡೇ ತಗೊಂಡಿದ್ದು ಕಣಪ್ಪ. ಮೊನ್ನೆ ಮೊಮ್ಮಕ್ಕಳನ್ನೆಲ್ಲ ಇದ್ರಲ್ಲೇ ಕೂರ್ಸ್ಕೊಂಡು ತಿಪಟೂರಿಗೆ ಹೋಗಿದ್ದೆ."

ಮರುಳಸಿದ್ದಯ್ಯ ಅವರನ್ನು ಬಯ್ಯುವುದಿಲ್ಲ. ಛಾಸಿ ಕೆಲಸ ನೆಟ್ಟಗೆ ಮಾಡುವವರ ನಂಬರು ಬರೆದುಕೊಟ್ಟು, ಅಲ್ಲಿಯವರೆಗೆ ಮಕ್ಕಳನ್ನು ಹತ್ತಿಸಬೇಡಿ ಎಂದು ಹೇಳುತ್ತಾರೆ. ಶಿವಮೂರ್ತಿ ಜೇಬಿಗೆ ಕೈ ಹಾಕಿದಾಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ. ಮಾರುವವರಿಂದ ಅವರು ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ.

ಯಾಕೆಂದು ಕೇಳಿದೆ. ಗೋಣಿಚೀಲ ಮಡಚುತ್ತಾ ಹೇಳಿದರು.

"ಮೊದ್ಲು ಎರಡೂ ಕಡೆ ಈಸ್ಕೊತಿದ್ದೆ ಕಣ್ರೀ. ಹದ್ನಾಲ್ಕು ವರ್ಷದ ಹಿಂದೆ ಅರಳಗುಪ್ಪೆ ದೊಡ್ಡಣ್ಣ ಒಂದು ಜೀಪು ನೋಡಕ್ಕೆ ಕರ್ಕೊಂಡೋದ. ಹಿಂದಿನ ದಿನ ಮಳೆ ಬಂದು ನೆಲ ಎಲ್ಲ ರಾಡಿ. ನಾನು ಮದುವೇಗೆ ಹೋಗೋದಿತ್ತು, ಹೊಸಾ ಪಂಚೆ ಉಟ್ಟಿದ್ದೆ. ಗಾಡಿ ಅಡೀಲಿ ಮಲಗ್ಲಿಲ್ಲ. ಮಾರೋನ ದುಡ್ಡೂ ಜೇಬಲ್ಲಿತ್ತು, ಎಲ್ಲಾ ಸರಿ ಐತೆ ತಗೋ ಅಂದ್ಬುಟ್ಟೆ."

ಮೂರು ತಿಂಗಳಿಗೆ ತೆಂಗಿನಕಾಯಿ ತುಂಬಿಕೊಂಡು ದಿಣ್ಣೆ ಹತ್ತುವಾಗ ಛಾಸಿ ಮುರಿದು ಜೀಪು ಮಗುಚಿತು. ದೊಡ್ಡಣ್ಣನ ಬಲಗಾಲು ಅಡಿಗೆ ಸಿಕ್ಕಿತು. ಮರುಳಸಿದ್ದಯ್ಯ ತುಮಕೂರಿನ ಆಸ್ಪತ್ರೆಗೆ ಹೋಗಿ ಮಂಚದ ಪಕ್ಕ ನಿಂತು ಇದ್ದದ್ದನ್ನು ಇದ್ದಂತೆ ಹೇಳಿದರು: ನಾನು ಅಡಿಯಲ್ಲಿ ಮಲಗಿ ನೋಡಿರಲಿಲ್ಲ. ದೊಡ್ಡಣ್ಣ ಗೋಡೆ ಕಡೆ ತಿರುಗಿ ಮಲಗಿದರು. ಒಂದೂವರೆ ವರ್ಷ ಮಾತಿಲ್ಲ. ಊರಿನ ಹಬ್ಬ, ಮದುವೆಗಳಲ್ಲಿ ಎದುರಾದರೂ ಮುಖ ತಿರುಗಿಸಿ ಕುಂಟುತ್ತಾ ಹೋಗುತ್ತಿದ್ದರು. ಮರುಳಸಿದ್ದಯ್ಯ ಜೀಪು ನೋಡುವುದನ್ನೇ ಬಿಟ್ಟು, ಮತ್ತೆ ಲಾರಿ ರಿಪೇರಿಗೆ ಸೇರಿಕೊಂಡಿದ್ದರು.

ಒಂದು ದಿನ ದೊಡ್ಡಣ್ಣನದೇ ಫೋನು ಬಂತು. "ನನ್ ಬಾಮೈದ ಜೀಪು ತಗೋತಾನಂತೆ. ಹೋಗಿ ನೋಡ್ಕೊಡು. ಈ ಸಲ ಅಡೀಲಿ ಮಲಗಿ ನೋಡ್ಲಾ."

ಅಂದಿನಿಂದ ಅಡಿಯಲ್ಲಿ ಮಲಗದೆ ಒಂದು ಗಾಡಿಗೂ ಮಾತು ಕೊಟ್ಟಿಲ್ಲ. ಬರುವ ಗಿರಾಕಿಗಳಲ್ಲಿ ಅರ್ಧದಷ್ಟು ಜನರನ್ನು ಕಳಿಸುವುದು ದೊಡ್ಡಣ್ಣನೇ. ಯೋಗಿತಾ ಅವರನ್ನು ಕಳಿಸಿದ್ದೂ ಅವರೇ. ಇಪ್ಪತ್ತೆಂಟರ ಯೋಗಿತಾ ಪಶುವೈದ್ಯೆ, ದೊಡ್ಡಣ್ಣನ ಮನೆಯ ಹಸುಗಳಿಗೂ ಅವರದೇ ಔಷಧಿ. ಹುಳಿಯಾರಿನ ಆಚೆ ಗುಡ್ಡದ ಕುರಿಹಟ್ಟಿಗಳಿಗೆ ಇಷ್ಟು ದಿನ ಸ್ಕೂಟರಿನಲ್ಲಿ ಹೋಗುತ್ತಿದ್ದರು. ಹೋದ ಮಳೆಗಾಲದಲ್ಲಿ ಸ್ಕೂಟರು ಹಳ್ಳದಲ್ಲಿ ಹೂತು, ನಡೆದು ಹಟ್ಟಿ ಮುಟ್ಟುವಷ್ಟರಲ್ಲಿ ಮರಿ ಹಾಕಲಾಗದೆ ಒದ್ದಾಡುತ್ತಿದ್ದ ಎರಡು ಕುರಿ ಸತ್ತುಹೋಗಿದ್ದವು. ಹಟ್ಟಿಯ ಹೆಂಗಸರು ಕಾಲು ತೊಳೆಯಲು ನೀರು ಕೊಟ್ಟರು. ಜೀಪು ತೆಗೆದುಕೊಳ್ಳಬೇಕೆಂದು ಯೋಗಿತಾ ತೀರ್ಮಾನಿಸಿದ್ದು ಅವತ್ತು.

ಹಸಿರು ಜೀಪಿನ ನಂತರ ಇನ್ನೆರಡಕ್ಕೂ ಬೇಡ ಎಂದಾಯಿತು. ನಾಲ್ಕನೆಯದು ಚಿಕ್ಕನಾಯಕನಹಳ್ಳಿಯಲ್ಲಿ ನಿವೃತ್ತ ಶಿಕ್ಷಕಿ ನಿರ್ಮಲಾ ಅವರ ಮನೆಯಲ್ಲಿತ್ತು. ಬಣ್ಣ ಹೋಗಿದೆ, ಎಡಬಾಗಿಲಿಗೆ ತುಕ್ಕು, ಸೀಟಿನಿಂದ ನಾರು ಹೊರಬಂದಿದೆ. "ಇದಾ?" ಎಂದು ಯೋಗಿತಾ ನಿಂತಲ್ಲೇ ನಿಂತರು. ಮರುಳಸಿದ್ದಯ್ಯ ನಲವತ್ತು ನಿಮಿಷ ಅಡಿಯಲ್ಲಿದ್ದರು. ಛಾಸಿ ನಂಬರಿನ ಮೇಲಿನ ಕೊಳೆ ಉಜ್ಜಿ, ಆರ್‌ಸಿ ಪುಸ್ತಕದ ಜೊತೆ ಒಂದೊಂದೇ ಅಂಕಿ ಯೋಗಿತಾ ಅವರಿಂದ ಓದಿಸಿ ತಾಳೆ ನೋಡಿದರು. ಹಳ್ಳದ ಮರಳಿಗೆ ಇಳಿಸಿದಾಗ ನಾಲ್ಕೂ ಚಕ್ರ ಎಳೆದವು.

"ಬಾಗ್ಲು ಹೋಗಿದ್ರೆ ಬ್ಯಾರೆ ಬಾಗ್ಲು ಸಿಗುತ್ತೆ ಕಣವ್ವ. ಬೆನ್ನು ಗಟ್ಟಿ ಐತೆ. ತಗೋ."

ಅದಾಗಿ ಎರಡು ತಿಂಗಳು. ಹೋದ ವಾರ ಮಳೆ ನಿಂತ ಬೆಳಿಗ್ಗೆ ಗುಡ್ಡದ ಹಟ್ಟಿಯಿಂದ ಯೋಗಿತಾಗೆ ಕರೆ ಬಂತು. ಕುರಿಯ ಹೊಟ್ಟೆಯಲ್ಲಿ ಮರಿ ಅಡ್ಡಲಾಗಿತ್ತು. ತುಂಬಿದ ಹಳ್ಳ ದಾಟಿ ಇಪ್ಪತ್ತು ನಿಮಿಷದಲ್ಲಿ ಜೀಪು ಹಟ್ಟಿಯಲ್ಲಿತ್ತು. ಕುರಿಯೂ ಉಳಿಯಿತು, ಮರಿಯೂ ಉಳಿಯಿತು. ಇದನ್ನು ನನಗೆ ಹೇಳಿದ್ದು ಯೋಗಿತಾ. ಮರುಳಸಿದ್ದಯ್ಯನಿಗೆ ಹೇಳಿದಿರಾ ಎಂದರೆ ನಾಲಿಗೆ ಕಚ್ಚಿಕೊಂಡರು. ಜೀಪು ತಂದ ಮೇಲೆ ಅವರಿಗೆ ಒಂದು ಫೋನೂ ಮಾಡಿಲ್ಲವಂತೆ.

ತಗಡಿನ ಶೆಡ್ಡಿಗೆ ಹೋಗಿ ನಾನೇ ಸುದ್ದಿ ಮುಟ್ಟಿಸಿದೆ, ಫೋನಿನ ವಿಷಯವನ್ನೂ ಸೇರಿಸಿ. ಕೈಯ ಗ್ರೀಸನ್ನು ಬಟ್ಟೆಗೆ ಒರೆಸುತ್ತಾ ನಕ್ಕರು.

"ನಾನು ಸರಿ ಅಂದ ಗಾಡಿಯೋರು ಯಾರೂ ಆಮ್ಯಾಲೆ ಫೋನ್ ಮಾಡಲ್ಲ ಕಣ್ರೀ. ಗಾಡಿ ಓಡ್ತಿದ್ರೆ ನನ್ನ ನೆನಪು ಯಾಕೆ ಬರುತ್ತೆ? ಮರ್ತುಬುಡ್ತಾರೆ. ನಂಗೆ ಬೇಕಾಗಿರೋದೂ ಅದೇಯ."