ಇಪ್ಪತ್ತನೆಯ ಹೊಂಗೆ ಮರ

1995ರ ಜನವರಿಯಲ್ಲಿ ನಾನು ಮರಗಳ ಬಗೆಗಿನ ಒಂದು ಸಂಶೋಧನಾ ಯೋಜನೆಯಲ್ಲಿ ಕ್ಷೇತ್ರ ಸಹಾಯಕನಾಗಿ ಸೇರಿಕೊಂಡೆ. ಆಗ ನನಗೆ ಇಪ್ಪತ್ತೇಳು ವರ್ಷ. ಕಚೇರಿ ಇದ್ದದ್ದು ನಮ್ಮೂರು ಚಿಂತಾಮಣಿಯಲ್ಲೇ. ಓಡಾಟ ಮಾತ್ರ ಚಿಂತಾಮಣಿಯೂ ಸೇರಿ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಗೌರಿಬಿದನೂರು ಎಂದು ನಾಲ್ಕು ತಾಲ್ಲೂಕಿಗೂ ಹರಡಿಕೊಂಡಿತ್ತು. ಇವೆಲ್ಲ ಆಗಿನ್ನೂ ಕೋಲಾರ ಜಿಲ್ಲೆಗೆ ಸೇರಿದ್ದವು. ನನ್ನ ಹಾಗೆ ನಿವೃತ್ತರಾದವರು ಸಾಮಾನ್ಯವಾಗಿ ತಾವು ಗೆದ್ದ ಕಥೆ ಬರೆಯುತ್ತಾರೆ. ನನ್ನ ಹತ್ತಿರವೂ ಅಂಥವು ಎರಡು ಮೂರು ಇವೆ, ಆದರೆ ಬರೆಯಲು ಕುಳಿತರೆ ಪ್ರತಿಸಲ ಈ ಒಂದೇ ಘಟನೆ ಅಡ್ಡ ಬಂದು ನಿಲ್ಲುತ್ತದೆ.

ಯೋಜನೆಯ ಉದ್ದೇಶವನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ಕಡೆ ಹಿಪ್ಪುನೇರಳೆ ತೋಟಗಳ ಬದುಗಳ ಮೇಲೆ ಹೊಂಗೆ, ಬೇವು, ಹುಣಸೆ, ನೇರಳೆ ಹೀಗೆ ಬಗೆಬಗೆಯ ಮರಗಳಿರುತ್ತಿದ್ದವು. ನೆರಳು ಬಿದ್ದರೆ ಸೊಪ್ಪು ಇಳುವರಿ ಕೊಡುವುದಿಲ್ಲವೆಂದು ಅವನ್ನೆಲ್ಲ ಕಡಿದು, ಕೆಲವರು ಜಮೀನಿಗೆ ಜಮೀನನ್ನೇ ನೀಲಗಿರಿ ಮಾಡುತ್ತಿದ್ದ ಕಾಲ ಅದು. ಮರ ಗಾಳಿಯಿಂದ ಇಂಗಾಲವನ್ನು ಹೀರಿ ತನ್ನ ಮೈಯಲ್ಲಿ ಕಟ್ಟಿಡುತ್ತದೆ. ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲವೇ. ಹಲವು ಜಾತಿಯ ಮರಗಳನ್ನು ಉಳಿಸಿಕೊಂಡ ತೋಟದಲ್ಲಿ ಎಷ್ಟು ಇಂಗಾಲ ಇದೆ, ಒಂದೇ ಜಾತಿಯ ತೋಪಿನಲ್ಲಿ ಎಷ್ಟಿದೆ ಎಂದು ಲೆಕ್ಕಹಾಕಿ, ಮರ ಇಟ್ಟುಕೊಂಡ ರೈತ ದಡ್ಡನಲ್ಲ ಎಂದು ತೋರಿಸುವುದು ನಮ್ಮ ಕೆಲಸ. ಒಳ್ಳೆಯ ಕೆಲಸವೇ. ಅದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ.

ಆದರೆ ನಿಂತ ಮರವನ್ನು ತಕ್ಕಡಿಗೆ ಏರಿಸಲಾಗುವುದಿಲ್ಲ. ಅದಕ್ಕೆ ಒಂದು ಉಪಾಯವಿದೆ. ಎದೆಯೆತ್ತರದಲ್ಲಿ ಕಾಂಡದ ಸುತ್ತಳತೆ ತೆಗೆದು, ಇಷ್ಟು ಸುತ್ತಳತೆಗೆ ಇಷ್ಟು ತೂಕ ಎಂಬ ಸಮೀಕರಣಕ್ಕೆ ಹಾಕುವುದು. ನಮ್ಮ ಸೀಮೆಯ ಹೊಂಗೆಗೆ ಹೊಂದುವ ಅಂಥ ಸಮೀಕರಣ ನಮ್ಮ ಕೈಯಲ್ಲಿರಲಿಲ್ಲ. ಅದನ್ನು ತಯಾರಿಸಬೇಕಾದರೆ ಸಣ್ಣದರಿಂದ ದೊಡ್ಡದರವರೆಗೆ ಇಪ್ಪತ್ತು ಹೊಂಗೆ ಮರಗಳನ್ನು ಕಡಿದು, ತುಂಡು ತುಂಡಾಗಿ ತೂಗಿ, ಕಾಂಡದ ಬಿಲ್ಲೆಗಳನ್ನು ಪ್ರಯೋಗಾಲಯದ ಓವನ್‌ನಲ್ಲಿ ಒಣಗಿಸಬೇಕಿತ್ತು. ಮರ ಉಳಿಸಲಿಕ್ಕೆ ಮರ ಕಡಿಯುತ್ತೀರಾ ಎಂದು ಚಹಾದಂಗಡಿಯಲ್ಲಿ ಜನ ನಕ್ಕರು. ನಾನೂ ನಕ್ಕೆ. ಕಡಿಯುವ ಮರ ಆರೋಗ್ಯವಾಗಿರಬೇಕು, ಒಳಗೆ ಟೊಳ್ಳಿದ್ದರೆ ಅದನ್ನು ಬಿಟ್ಟು ಬೇರೆ ಹುಡುಕಬೇಕು ಎಂಬ ನಿಯಮವಿತ್ತು. ಆ ನಿಯಮವನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೆ.

ಮಾರ್ಚ್ ಮೊದಲ ವಾರಕ್ಕೆ ಹತ್ತೊಂಬತ್ತು ಮರ ಮುಗಿದವು. ಉಳಿದದ್ದು ಒಂದೇ ಮರ, ಅದು ಎರಡು ಮೀಟರಿಗೂ ಹೆಚ್ಚು ಸುತ್ತಳತೆಯದಾಗಿರಬೇಕಿತ್ತು. ಅಷ್ಟು ದಪ್ಪದ ಹೊಂಗೆ ಇದ್ದವರು ಯಾರೂ ಕೊಡಲು ಒಪ್ಪಲಿಲ್ಲ. ಒಬ್ಬರು ದೇವರ ಮರ ಎಂದರು. ಇನ್ನೊಬ್ಬರು ಅಜ್ಜ ನೆಟ್ಟದ್ದು ಎಂದರು. ಅಲೀಪುರದ ಆಚೆ ಒಬ್ಬರು ಪೊಟರೆಯಲ್ಲಿ ಹಾವಿದೆ ಎಂದು ನಮ್ಮನ್ನು ಹತ್ತಿರಕ್ಕೇ ಬಿಡಲಿಲ್ಲ. ಇಂಥ ಮಾತುಗಳನ್ನು ಕೇಳಿ ಕೇಳಿ, ಮರದ ಬಗ್ಗೆ ಅದರ ಒಡೆಯರು ಹೇಳುವುದೆಲ್ಲ ನೆಪ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮಾರ್ಚ್ ಮೂವತ್ತೊಂದಕ್ಕೆ ವರದಿ ಕೊಡಬೇಕಿತ್ತು.

ಆಗ ಸಿಕ್ಕಿದವರು ವೆಂಕಟರೋಣಪ್ಪ ಮೇಷ್ಟ್ರು. ಕೈವಾರದ ಹತ್ತಿರದ ಹಳ್ಳಿಯವರು, ಗೌರಿಬಿದನೂರು ಕಡೆಯ ಶಾಲೆಯಲ್ಲಿ ಕೆಲಸ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಊರಿಗೆ ಬಂದರೆ ಸೋಮವಾರ ಬೆಳಗಿನ ಜಾವ ಹೊರಡುವವರು. ಬಸ್ಸಿನಲ್ಲೇ ಪರಿಚಯವಾಗಿ, ಭಾನುವಾರ ಅವರ ತೋಟ ನೋಡಲು ಹೋದೆ. ಎರಡು ಎಕರೆಗೂ ಕಡಿಮೆ ಜಾಗದ ಬದುಗಳ ಮೇಲೆ ಏಳು ಜಾತಿಯ ಮರಗಳಿದ್ದವು. ಇಡೀ ಯೋಜನೆಯಲ್ಲಿ ಅಂಥ ತೋಟ ನಾನು ಕಂಡಿರಲಿಲ್ಲ. ರೇಷ್ಮೆ ಹುಳದ ಮನೆಯ ಪಡುವಣಕ್ಕೆ ನನಗೆ ಬೇಕಾದ ಹೊಂಗೆ ನಿಂತಿತ್ತು. ಹಳೇ ಎಲೆ ಉದುರಿಸಿ ಹೊಸ ಚಿಗುರು ತುಂಬಿಕೊಂಡು ತಿಳಿಹಸಿರಾಗಿ ಹೊಳೆಯುತ್ತಿತ್ತು.

"ವಿಜ್ಞಾನದ ಕೆಲಸ ಅಂದ್ರೆ ಇಲ್ಲ ಅನ್ನೋಕಾಗುತ್ತಾ? ನಮ್ಮ ಮರ ಪುಸ್ತಕ ಸೇರುತ್ತಲ್ಲ, ಅದಕ್ಕಿಂತ ಏನು ಬೇಕು?" ಎಂದು ಮೇಷ್ಟ್ರು ಖುಷಿಯಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಅವರ ಹೆಂಡತಿ ರತ್ನಮ್ಮ ಸೊಪ್ಪಿನ ಮಂಕರಿ ಹಿಡಿದು ಹುಳದ ಮನೆಯ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮೇಷ್ಟ್ರ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಆದರೆ ಹುಳದ ಕೆಲಸ ಪೂರ್ತಿ ರತ್ನಮ್ಮನವರದು. ಅವರು ಮದುವೆಯಾಗಿ ಬಂದ ಮೇಲೆ ಒಂದು ಬೆಳೆಯೂ ಕೈಕೊಟ್ಟಿರಲಿಲ್ಲವಂತೆ. ರತ್ನಮ್ಮನ ಕೈಗುಣ ಒಳ್ಳೆಯದೆಂದು ಅಕ್ಕಪಕ್ಕದವರು ಹೊಸ ಹುಳ ತಂದಾಗ ಮೊದಲ ಸೊಪ್ಪನ್ನು ಅವರ ಕೈಯಿಂದಲೇ ಹಾಕಿಸುತ್ತಿದ್ದರು. ಅತ್ತೆ, ಮೈದುನ, ವಾರಗಿತ್ತಿ ಎಲ್ಲ ಇದ್ದ ಆ ಮನೆಯಲ್ಲಿ ಅವರ ಮಾತಿಗೊಂದು ತೂಕ ಇದ್ದದ್ದು ಆ ಕೈಗುಣದಿಂದ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ಬುಧವಾರ ಬೆಳಿಗ್ಗೆ ಜೀಪಿನಲ್ಲಿ ಹೋದೆವು. ಮರ ಕಡಿಯಲು ನಾನು ಚಿಕ್ಕಂದಿನಿಂದ ಬಲ್ಲ ಜಾನ್ ಚಾಚಾ ಮತ್ತು ಇಬ್ಬರು ಆಳುಗಳು, ವಿಧಾನ ನೋಡಲೆಂದು ಬೆಂಗಳೂರಿನಿಂದ ಬಂದಿದ್ದ ಇಬ್ಬರು ವಿದ್ಯಾರ್ಥಿಗಳು, ಮತ್ತು ನಾನು. ನಾವು ಹಗ್ಗ ಇಳಿಸುತ್ತಿದ್ದಂತೆ ರತ್ನಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದರು.

"ಸಾರ್, ಈ ಮರ ಬೇಡ. ಒಳಗೆ ಟೊಳ್ಳು ಐತೆ."

"ನೋಡೋಕೆ ಚೆನ್ನಾಗೇ ಇದೆಯಲ್ಲಮ್ಮ."

"ನೋಡೋಕೆ ಹಂಗೇ ಕಾಣ್ತದೆ. ಮಳೆ ನಿಂತ ಮೇಲೂ ಎರಡು ದಿನ ಬುಡದಾಗೆ ಕರೀ ನೀರು ಒಸರ್ತದೆ. ಮೇಲಿನಿಂದ ಇಳಿದು ಬರ್ತದೆ ಅದು."

ನಾನು ಟೇಪು ಬಿಚ್ಚತೊಡಗಿದೆ.

"ಕಡಿಯಲೇಬೇಕು ಅಂದ್ರೆ ಇಪ್ಪತ್ತು ದಿನ ತಡೀರಿ ಸಾರ್. ಹುಳ ಈಗ ಎರಡನೇ ಜ್ವರ ಎದ್ದವೆ. ಗೂಡು ಕಟ್ಟಲಿ. ಮಧ್ಯಾಹ್ನದ ಮೇಲೆ ಈ ಶೀಟಿನ ಮೇಲೆ ಬೀಳೋದು ಇದೊಂದೇ ನೆರಳು."

ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆ ಹುಳ ಗೂಡು ಕಟ್ಟುತ್ತದೆ. ಆ ಕೊನೆಯ ವಾರದಲ್ಲಿ ಸೆಕೆ ಏರಿದರೆ ತಡೆಯುವುದಿಲ್ಲ. ಕಲ್ನಾರು ಶೀಟಿನ ಕೆಳಗೆ ಮಾರ್ಚ್ ತಿಂಗಳ ಮಧ್ಯಾಹ್ನ ಹೇಗಿರುತ್ತದೆಂದು ನನಗೆ ಗೊತ್ತಿಲ್ಲದೆ ಏನಿರಲಿಲ್ಲ.

"ಮೇಷ್ಟ್ರು ಸಹಿ ಹಾಕಿದ್ದಾರಲ್ಲಮ್ಮ" ಎಂದೆ.

"ಮೇಷ್ಟ್ರು ಭಾನುವಾರ ಒಂದಿನ ಇರ್ತಾರೆ. ವಾರ ಪೂರ್ತಿ ಇದರ ಕೆಳಗೆ ಇರೋಳು ನಾನು."

ಅಷ್ಟರಲ್ಲಿ ಜಾನ್ ಚಾಚಾ ಕೊಡಲಿಯನ್ನು ತಿರುಗಿಸಿ ಅದರ ಹಿಂಬದಿಯಿಂದ ಕಾಂಡಕ್ಕೆ ನಾಲ್ಕು ಕಡೆ ಬಡಿದರು. ನನ್ನ ಹತ್ತಿರ ಬಂದು ನಮ್ಮ ಮನೆಮಾತಾದ ಉರ್ದುವಿನಲ್ಲಿ ಮೆಲ್ಲಗೆ, "ಅಂದರ್ ಖಾಲಿ ಹೈ ಬಾಬಾ, ಛೋಡ್ ದೇ" ಎಂದರು. ಒಳಗೆ ಖಾಲಿ ಇದೆ, ಬಿಟ್ಟುಬಿಡು ಎಂದು.

ಇಲ್ಲಿ ನನ್ನ ಮನೆಯ ವಿಷಯ ಹೇಳದೆ ಗತಿಯಿಲ್ಲ. ನಮ್ಮ ತಂದೆಗೆ ಚಿಂತಾಮಣಿಯಲ್ಲಿ ಸೌದೆ ಡಿಪೋ ಇತ್ತು. ಜಾನ್ ಚಾಚಾ ಅಲ್ಲಿ ಮೂವತ್ತು ವರ್ಷ ಕೊಡಲಿ ಹಿಡಿದವರು, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವರು. ಕೊಡಲಿಯ ಹಿಂಬದಿಯಿಂದ ಬಡಿದು ಗಟ್ಟಿ ಮರ ಯಾವುದು, ಟೊಳ್ಳು ಯಾವುದು ಎಂದು ಹೇಳುವುದನ್ನು ನಾನು ಓದು ಬರಹಕ್ಕೂ ಮೊದಲೇ ಕಲಿತಿದ್ದೆ. ಆ ಸದ್ದು ಅಂದು ನನಗೂ ಕೇಳಿಸಿತ್ತು. ಆದರೆ ಕಚೇರಿಯಲ್ಲಿ ನಾನು ಸೌದೆ ಸಾಬರ ಮಗ ಎಂದು ಯಾರಿಗೂ ಹೇಳಿರಲಿಲ್ಲ. ತಂದೆಯದು ಟಿಂಬರ್ ವ್ಯಾಪಾರ ಎಂದು ದೊಡ್ಡದಾಗಿ ಹೇಳಿಕೊಂಡಿದ್ದೆ. ಪಕ್ಕದಲ್ಲಿ ಬೆಂಗಳೂರಿನ ಹುಡುಗರು ಅಳತೆಯ ಉಪಕರಣ ಹಿಡಿದು ನಿಂತಿದ್ದಾಗ, ಕೊಡಲಿಯ ಸದ್ದು ಕೇಳಿ ಮರ ಬಿಡುವ ಡಿಪೋ ಹುಡುಗನಾಗಲು ನನಗೆ ನಾಚಿಕೆಯಾಯಿತು. ನಾನು ಚಾಚಾಗೆ ಉರ್ದುವಿನಲ್ಲಿ ಉತ್ತರ ಕೊಡಲಿಲ್ಲ. ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ, "ಹೇಳಿದಷ್ಟು ಕೆಲಸ ಮಾಡ್ರಿ" ಎಂದೆ. ಚಾಚಾ ನನ್ನ ಮುಖವನ್ನೊಮ್ಮೆ ನೋಡಿ ಗರಗಸ ಎತ್ತಿಕೊಂಡರು.

ಗರಗಸ ನಾಲ್ಕು ಬೆರಳು ಹೋಗಿತ್ತೋ ಇಲ್ಲವೋ, ಹಿಡಿತ ಸಿಗದೆ ಸಲೀಸಾಗಿ ಜಾರತೊಡಗಿತು. ಸೀಳಿನಿಂದ ಕಪ್ಪು ಪುಡಿ ಸುರಿಯಿತು. ಆಗ ನಿಲ್ಲಿಸಿದ್ದರೂ ಆ ಮರ ಗಾಳಿಗೆ ನಿಲ್ಲುತ್ತಿರಲಿಲ್ಲ. ಹತ್ತು ಗಂಟೆಗೆ ಅದು ಬದುವಿನ ಆಚೆ ಬಿತ್ತು. ಒಳಗೆ ಒಂದು ಮಗು ಕೂರಬಹುದಾದಷ್ಟು ಖಾಲಿ ಇತ್ತು. ತೂಗಿ ನೋಡಿದರೆ, ಅಷ್ಟು ಸುತ್ತಳತೆಗೆ ಸುಮಾರು ಮೂರು ಟನ್ ಬರಬೇಕಾದ ಜಾಗದಲ್ಲಿ ಎರಡು ಟನ್ನೂ ಬರಲಿಲ್ಲ.

ರತ್ನಮ್ಮ ಹುಳದ ಮನೆಗೆ ಹಿಂದಿರುಗಿದ್ದರು. ಗೋಣಿತಾಟುಗಳನ್ನು ನೀರಿಗೆ ಅದ್ದಿ ಪಡುವಣ ಗೋಡೆಗೆ ಇಳಿಬಿಡುತ್ತಿದ್ದರು. ಅಲ್ಲಿ ಆಗಲೇ ಮಧ್ಯಾಹ್ನದ ಬಿಸಿಲು ಬಿದ್ದಿತ್ತು.

ಎರಡು ವಾರಗಳ ನಂತರ ಆ ತೋಟದ ಮಣ್ಣಿನ ಮಾದರಿ ತರಲು ಹೋದೆ. ಹುಳದ ಮನೆ ಇನ್ನೂ ಹತ್ತು ಮಾರು ಇರುವಾಗಲೇ ವಾಸನೆ ಬಂತು. ಸಪ್ಪೆ ರೋಗ. ಕೊನೆಯ ಹಂತಕ್ಕೆ ಬಂದಿದ್ದ ಹುಳಗಳು ಮೆತ್ತಗಾಗಿ ತಟ್ಟೆಗಳಲ್ಲಿ ಬಿದ್ದಿದ್ದವು. ರತ್ನಮ್ಮ ತಟ್ಟೆಯಾದ ಮೇಲೆ ತಟ್ಟೆ ತಂದು ಗುಂಡಿಗೆ ಸುರಿದು ಸುಣ್ಣ ಹಾಕುತ್ತಿದ್ದರು. ಜಗಲಿಯ ಮೇಲೆ ಕೂತಿದ್ದ ಅತ್ತೆ, ಸೊಸೆಯ ಕೈಗುಣ ಕೆಟ್ಟುಹೋಯಿತು, ಮುಂದಿನ ಬೆಳೆಗೆ ಇವಳು ಹುಳ ಮುಟ್ಟುವುದು ಬೇಡ ಎಂದು ತೆಲುಗಿನಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ರತ್ನಮ್ಮ ನನ್ನತ್ತ ತಿರುಗಿದರು. "ಕೇಳಿಸ್ತಾ ಸಾರ್? ನೀವಾದ್ರೂ ಒಂದು ಮಾತು ಹೇಳಿ. ಮರ ಹೋಗಿದ್ದಕ್ಕೆ ಸೆಕೆ ಆಗಿ ಹಿಂಗಾಯ್ತು ಅಂತ. ನಾನು ಹೇಳಿದ್ರೆ ನಂಬಲ್ಲ. ನೀವು ಓದಿದೋರು."

ಒಂದೇ ವಾಕ್ಯ ಸಾಕಿತ್ತು. ಆದರೆ ಆ ವಾಕ್ಯ ಹೇಳಿದರೆ ದೂರು ಹೋಗಬಹುದು, ಟೊಳ್ಳು ಮರ ಏಕೆ ಕಡಿದೆ ಎಂಬ ಪ್ರಶ್ನೆ ಬರಬಹುದು, ತಾತ್ಕಾಲಿಕ ನೌಕರಿ ಅಲ್ಲಿಗೇ ನಿಲ್ಲಬಹುದು ಎಂದು ನನ್ನ ತಲೆ ಚಕಚಕನೆ ಓಡಿತು.

"ಈ ವರ್ಷ ಎಲ್ಲ ಕಡೆನೂ ಬಿಸಿಲು ಜಾಸ್ತಿ ಅಮ್ಮ" ಎಂದೆ.

ಅವರು ಖಾಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ನಾನು ಮಣ್ಣು ತುಂಬಿಕೊಂಡು ಬಂದೆ.

ವರದಿ ಬರೆಯುವಾಗ ಹತ್ತೊಂಬತ್ತು ಮರಗಳ ಅಂಕಿಗಳು ಗೆರೆಯ ಅಕ್ಕಪಕ್ಕ ಸರಿಯಾಗಿ ಕೂತವು. ಇಪ್ಪತ್ತನೆಯದು ಎಲ್ಲೋ ಕೆಳಗೆ ಒಂಟಿಯಾಗಿ ಬಿದ್ದಿತ್ತು. ಯೋಜನೆಯ ಮುಖ್ಯಸ್ಥರು ಅದನ್ನು ಕಂಡ ಕೂಡಲೇ, "ಇದು ಔಟ್‌ಲಯರ್, ತೆಗೆದುಬಿಡಿ" ಎಂದರು. ಸಾಲಿಗೆ ಸೇರದ ಅಂಕಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಒಂದು ಮರವನ್ನು ಕೈಬಿಟ್ಟಿದ್ದೇವೆ ಎಂದು ಅಡಿಟಿಪ್ಪಣಿ ಹಾಕುವುದು ನನ್ನ ಜವಾಬ್ದಾರಿಯಾಗಿತ್ತು. ಹಾಕಿದರೆ ಏಕೆ ಎಂದು ಕೇಳುತ್ತಾರಲ್ಲ. ಕಡಿದ ಮರಗಳು ಹತ್ತೊಂಬತ್ತು ಎಂದು ಟೈಪ್ ಮಾಡಿಸಿದೆ. ಸಮೀಕರಣ ಚೆನ್ನಾಗಿ ಬಂತು. ಬಹಳ ವರ್ಷ ಬಳಕೆಯಲ್ಲಿತ್ತು, ನನಗೆ ಒಳ್ಳೆಯ ಹೆಸರೂ ತಂದಿತು. ಆ ವರದಿಯಲ್ಲಿ ಮರಗಳ ಜಾತಿಗೆ, ಸುತ್ತಳತೆಗೆ, ತೂಕಕ್ಕೆ, ಇಂಗಾಲಕ್ಕೆ ಎಲ್ಲಕ್ಕೂ ಕಾಲಂ ಇವೆ. ನೆರಳಿಗೆ ಇಲ್ಲ.

1998ರಲ್ಲಿ ಬೇರೊಂದು ಸಮೀಕ್ಷೆಗಾಗಿ ಅದೇ ಹಳ್ಳಿಗೆ ಹೋಗಬೇಕಾಯಿತು. ಈ ಸಲ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಹುಳದ ಮನೆಯಲ್ಲಿ ವಾರಗಿತ್ತಿ ಕೆಲಸ ಮಾಡುತ್ತಿದ್ದರು. ರತ್ನಮ್ಮ ಹೊರಗೆ ಸೊಪ್ಪು ಕತ್ತರಿಸಿ ಬಾಗಿಲವರೆಗೆ ತಂದಿಟ್ಟು ಹಿಂದಿರುಗುತ್ತಿದ್ದರು, ಒಳಗೆ ಕಾಲಿಡುತ್ತಿರಲಿಲ್ಲ. ನನ್ನ ಗುರುತು ಹಿಡಿದು ನೀರು ತಂದುಕೊಟ್ಟರು.

"ಆವತ್ತಿನ ವಿಷಯ..." ಎಂದು ನಾನು ಶುರುಮಾಡಿದೆ.

"ಹೋಗ್ಲಿ ಬಿಡಿ ಸಾರ್, ಆಗಿದ್ದು ಆಗೋಯ್ತು. ನಮ್ಮ ಮರ ಪುಸ್ತಕದಾಗೆ ಐತೆ ಅಂತ ನಮ್ಮೋರು ಎಲ್ಲರ ಹತ್ರಾನೂ ಹೇಳ್ತಿರ್ತಾರೆ. ಅಷ್ಟಾದ್ರೂ ಆಯ್ತಲ್ಲ. ಐತಲ್ಲಾ ಸಾರ್?"

"ಇದೆ ಅಮ್ಮ" ಎಂದೆ. ಬಸ್ಸು ಹತ್ತಿದಾಗ ನನಗೆ ಹಗುರವೆನಿಸಿತು. ಈ ವಿಷಯದಲ್ಲಿ ನಾನು ಮಾಡಿದ ಎಲ್ಲಕ್ಕಿಂತ ಆ ಹಗುರವನ್ನು ನೆನೆದರೇ ನನಗೆ ಹೆಚ್ಚು ನಾಚಿಕೆ.

ಆಮೇಲಿನ ನೌಕರಿಯಲ್ಲಿ, ಮರ ಅಳೆಯುವ ಮೊದಲು ಅದರ ಕೆಳಗೆ ಕೆಲಸ ಮಾಡುವವರನ್ನು ಕೇಳಬೇಕು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಬೇಕು, ಆಮೇಲೆ ಟೇಪು ಬಿಚ್ಚಬೇಕು ಎಂದು ನನ್ನ ಕೈಕೆಳಗಿನವರಿಗೆಲ್ಲ ಹೇಳಿಕೊಟ್ಟೆ. ಒಳ್ಳೆಯ ಪದ್ಧತಿ ಎಂದು ಎಲ್ಲರೂ ಮೆಚ್ಚಿಕೊಂಡರು. ಅದನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ಅನುಭವ ಎಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಕೇಳಿಸಿಕೊಂಡದ್ದನ್ನು ಕೇಳಿಸಲಿಲ್ಲವೆಂಬಂತೆ ನಡೆದುಕೊಂಡರೆ ಯಾವ ಉಪಕರಣವೂ ನಮ್ಮನ್ನು ತಿದ್ದಲಾರದು, ಈ ವೃತ್ತಿ ನನಗೆ ಕಲಿಸಿದ್ದು ಅಷ್ಟೇ. ಜಾನ್ ಚಾಚಾ ಈಗಿಲ್ಲ. ಮೇಷ್ಟ್ರ ಮನೆಯಲ್ಲಿ ಈ ಪುಟಗಳನ್ನು ಯಾರಾದರೂ ಓದಿ ಹೇಳಲಿ ಎಂದು ಬರೆಯುತ್ತಿದ್ದೇನೆ. ರತ್ನಮ್ಮನವರೇ, ಆ ಪುಸ್ತಕದಲ್ಲಿ ನಿಮ್ಮ ಮರ ಇಲ್ಲ. ಹುಳ ಸತ್ತದ್ದು ನನ್ನಿಂದ. ನಿಮ್ಮ ಕೈಗುಣಕ್ಕೆ ಏನೂ ಆಗಿರಲಿಲ್ಲ.